ಪ್ಲಾಸ್ಮಾ ಕಟ್ಟರೂ ಒಂದು ಸೊನ್ನೆಯೂ

ಮನೆಗೆ ಹೊಸ ಮಷಿನ್ ತಂದವನ ಗ್ರಹಚಾರ ಮಷಿನಿನ ಜೊತೆಗೇ ಡೆಲಿವರಿ ಆಗುತ್ತದೆ. ನನ್ನ ಮನೆಯಲ್ಲಂತೂ ವಾರಕ್ಕೊಂದು ಕಂತು. ಮುಂಬೈಯ ಕ್ಯಾಂಟೀನಿನಲ್ಲಿ ಮೂವತ್ತು ವರ್ಷ ದುಡಿದು ಬ್ರಹ್ಮಾವರಕ್ಕೆ ವಾಪಸಾದ ಮೇಲೆ ಸುಮ್ಮನೆ ಕೂರಲಾಗದೆ ಒಂದು ಪ್ಲಾಸ್ಮಾ ಕಟ್ಟರ್ ತಂದೆ. ಕರೆಂಟೂ ಗಾಳಿಯೂ ಸೇರಿ ಬೆಂಕಿಯ ಎಳೆಯಾಗಿ ಹೊರಬಂದು, ಕಬ್ಬಿಣದ ತಗಡನ್ನು ಸರ್ರನೆ ಕೊಯ್ಯುತ್ತದೆ. ಬಾವಿಯ ಪಕ್ಕದ ಹಳೇ ಕೊಟ್ಟಿಗೆಯೇ ನನ್ನ ವರ್ಕ್‌ಶಾಪ್. ಈ ವಯಸ್ಸಿನಲ್ಲಿ ನನಗೆ ಅಷ್ಟು ಖುಷಿ ಕೊಟ್ಟ ವಸ್ತು ಇನ್ನೊಂದಿಲ್ಲ. ಆದರೆ ಹೆಂಡತಿ ಮೊದಲ ದಿನವೇ ಹೇಳಿದ್ದಳು: "ಒಂದಾರೂ ಉಪಕಾರಕ್ಕೆ ಬಂದ್ರೆ ಇರ್ಲಿ. ಇಲ್ದಿರೆ ಗುಜರಿಗೆ."

೧. ಯಾವ ಗ್ರೂಪ್?

ಮಷಿನಿನ ಸುದ್ದಿ ಹಬ್ಬಿತು. ಹಬ್ಬುವಾಗ 'ಕಟ್ಟರ್' ದಾರಿಯಲ್ಲೆಲ್ಲೋ ಬಿದ್ದುಹೋಗಿ, ಬರೀ 'ಪ್ಲಾಸ್ಮಾ' ಶಿರೂರು ಮುಟ್ಟಿತು. ಅಲ್ಲಿಂದ ಒಬ್ಬರ ಫೋನ್.

"ಹ್ವಾಯ್, ನಿಮ್ಮಲ್ಲ್ ಪ್ಲಾಸ್ಮಾ ಇತ್ತಂಬ್ರಲೆ? ನಮ್ಮ ಅಣ್ಣಂಗೆ ಅರ್ಜೆಂಟ್ ಬೇಕಿತ್ತ್."

"ಇತ್ತ್, ಹೊಸ್ತ್," ಎಂದೆ.

"ಯಾವ ಗ್ರೂಪ್?"

ವಾಟ್ಸಾಪ್ ಗ್ರೂಪಿನ ವಿಷಯ ಕೇಳುತ್ತಿದ್ದಾರೆ ಅಂದುಕೊಂಡೆ. "ಗ್ರೂಪ್ ಗೀಪ್ ಎಂತದೂ ಇಲ್ಲ. ಅಣ್ಣನ್ ಕರ್ಕಂಡ್ ಬನ್ನಿ. ಎಂಟ್ ಎಂಎಂ ದಪ್ಪ ಇದ್ರೂ ಕೊಯ್ದ್ ಕೊಡ್ತೆ."

ಫೋನ್ ಇಟ್ಟರು. ಡೆಂಗಿ ಬಂದು, ರಕ್ತದ ಪ್ಲಾಸ್ಮಾ ಬೇಕಾಗಿ ಆಸ್ಪತ್ರೆಯಲ್ಲಿ ಮಲಗಿದ್ದ ಆ ಅಣ್ಣ ಸಂಗತಿ ಕೇಳಿ, "ನಂಗೆ ಈಗ ಅಡ್ಡಿಲ್ಲ, ಮನಿಗ್ ಹೋಪ," ಎಂದು ಎದ್ದು ಕೂತನಂತೆ.

೨. ಕಾವಲಿ

ಹೆಂಡತಿಯನ್ನು ಒಲಿಸಿಕೊಳ್ಳಲು ನೀರ್ದೋಸೆಗೆ ಕಬ್ಬಿಣದ ಕಾವಲಿ ಮಾಡಿಕೊಡುತ್ತೇನೆ ಎಂದೆ. ದಪ್ಪ ತಗಡಿನ ಮೇಲೆ ಹಂಚಿನಷ್ಟಗಲ ವೃತ್ತ ಬರೆದೆ. ಕೊಯ್ಯುವ ಮುಂಚೆ, ಬೆಂಕಿ ಸರಿಯಾಗಿ ಬರುತ್ತದೋ ಎಂದು ಒಂದು ಸಲ ಬಟನ್ ಒತ್ತಿ ನೋಡಿದೆ. ಅದೂ ವೃತ್ತದ ನಟ್ಟನಡುವೆ. ಸಾಸಿವೆಯಷ್ಟು ತೂತು ಬಿತ್ತು. ಇಷ್ಟು ಸಣ್ಣದು ಯಾರಿಗೆ ಕಾಣುತ್ತದೆ ಎಂದು ಸುಮ್ಮನಾದೆ.

ಮರುದಿನ ಹಿಟ್ಟು ಹೊಯ್ದಾಗ ಅರ್ಧ ಹಿಟ್ಟು ಕೆಳಗಿಳಿದು ಗ್ಯಾಸ್ ಒಲೆಯೇ ಆರಿತು. ನಾನು ಇಣುಕಿ ನೋಡಿ, "ಎಂತ ಆಯ್ತ್?" ಎಂದೆ.

"ತೂತ್ ಇರ್ಕಾದ್ದ್ ದೋಸಿಗೆ," ಎಂದಳು, "ಕಾವಲಿಗಲ್ಲ."

೩. ಮನೆ ಒಕ್ಕಲು

ಇನ್ನು ಉಳಿದದ್ದು ಒಂದೇ ಅವಕಾಶ. ಅವಳ ಅಣ್ಣ, ಅಂದರೆ ನಮ್ಮ ಭಾವ, ಕುಂದಾಪುರದಲ್ಲಿ ಹೊಸ ಮನೆ ಕಟ್ಟಿಸಿದ್ದರು. ಗೇಟಿಗೆ 'ಮಂಗಳ ನಿಲಯ' ಎಂದು ಒಂದೊಂದೇ ಅಕ್ಷರ ಕೊಯ್ದು ಕೂರಿಸುವ ಕೆಲಸ ನನ್ನದು. "ಇದೂ ಹಾಳಾರೆ ಗುಜರಿಯವ ಬಪ್ಪುದೇ," ಎಂದಳು ಹೆಂಡತಿ. ನಾಲ್ಕು ದಿನ ಉಸಿರು ಬಿಗಿಹಿಡಿದು ಕೊಯ್ದೆ. ಅಕ್ಷರಗಳು ಲಾಯ್ಕಾಗಿ ಬಂದವು. ಗೃಹಪ್ರವೇಶದ ಹಿಂದಿನ ಸಂಜೆ ಗೇಟಿಗೆ ವೆಲ್ಡ್ ಮಾಡಿ, ಬಟ್ಟೆ ಮುಚ್ಚಿ ಬಂದೆ.

ಬೆಳಿಗ್ಗೆ ನೆಂಟರೆಲ್ಲರ ಎದುರು ಭಾವ ಬಟ್ಟೆ ಎಳೆದರು. ಗೇಟಿನ ಮೇಲಿದ್ದದ್ದು 'ಮಗಳ ನಿಲಯ'. ಸೊನ್ನೆ ಬೇರೆಯೇ ಒಂದು ತುಂಡು ನೋಡಿ, ಅದು ನನ್ನ ಸ್ಕೂಟರಿನ ಡಿಕ್ಕಿಯಲ್ಲೇ ಉಳಿದಿತ್ತು. ಹೆಂಡತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು.

ಅಷ್ಟರಲ್ಲಿ ಭಾವನ ಮಗಳು ಓಡಿಬಂದು ಅಪ್ಪನ ಕಾಲಿಗೆ ಬಿದ್ದಳು. "ಅಪ್ಪಯ್ಯ, ಅಣ್ಣಂದಿರ್ ಇಬ್ರ್ ಇದ್ರೂ ಮನಿ ನಂಗೆ ಕೊಟ್ರಿ ಅಲ್ದಾ," ಎಂದು ಒಂದೇ ಅಳು. ಅಣ್ಣಂದಿರಿಬ್ಬರೂ ಗೇಟನ್ನು ಎರಡೆರಡು ಸಲ ಓದಿದರು. ಅತ್ತೆ, ಅಂದರೆ ಭಾವನ ಅಮ್ಮ, ಕಣ್ಣೊರೆಸಿಕೊಂಡು ಮಗನಿಗೆ, "ನಮ್ಮಲ್ಲ್ ಹಿಂದಿಂದ್ಲೂ ಮನಿ ಹೆಣ್ಣಿಂದೇ. ಲಾಯ್ಕ್ ಕೆಲ್ಸ ಮಾಡ್ದೆ ಮಗಾ," ಎಂದರು. ನೆಂಟರು ಚಪ್ಪಾಳೆ ತಟ್ಟಿದರು. ಭಾವ ಗೇಟನ್ನೂ ನೆಂಟರನ್ನೂ ನೋಡಿ, ಕೊನೆಗೆ ಮಗಳ ತಲೆ ಸವರಿದರು.

ನಾನು ಓಡಿಹೋಗಿ ಸೊನ್ನೆ ತಂದು ಅವರ ಕಿವಿಯಲ್ಲಿ ಹೇಳಿದೆ: "ಐದ್ ನಿಮಿಷ ಭಾವ, ಈಗ್ಳೇ ಕೂರಿಸ್ತೆ."

"ನಿಮ್ಗ್ ಮಂಡೆ ಸಮ ಇತ್ತಾ?" ಎಂದರು ಭಾವ. "ಅದನ್ನ್ ಹೊಳಿಗ್ ಹಾಕಿ. ಈಗ ಅದ್ ಅಲ್ಲ್ ಕೂತ್ರೆ, ನಾನ್ ಈ ಮನಿ ಒಳ್ಗ್ ಕೂಕಂಬ್ಹಾಂಗಿಲ್ಲ."

ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ವಾಪಸ್ ಹೊರಟೆ. ಮಷಿನಿನ ಕತೆ ಮುಗಿಯಿತು ಅಂದುಕೊಂಡೆ. ಸಾಸ್ತಾನ ದಾಟಿದ ಮೇಲೆ ಹಿಂದಿನಿಂದ ದನಿ ಬಂತು.

"ಮಷಿನ್ ಇರ್ಲಿ. ನಾಳೆ ನಮ್ಮನಿ ಗೇಟಿಗೂ ಒಂದ್ ಹೆಸ್ರ್ ಕೊಯ್ದ್ ಹಾಕಿ."

"ಎಂತ ಹೆಸ್ರ್?"

"ಹೆಂಡತಿ ನಿಲಯ. ಈ ಸಲ ಸೊನ್ನೆ ಒಂದ್ ನಾನೇ ಹಿಡ್ಕಂತೆ."