ದಿವಂಗತ ಅಧೀಕ್ಷಕರ ವರ್ಗಾವಣೆ

ಯಾದಗಿರಿಯ ನಮ್ಮ ನಲ್ಲಿ ದುರಸ್ತಿ ಉಪಕಚೇರಿಯಲ್ಲಿ ಸಾರ್ವಜನಿಕರ ಅರ್ಜಿಗಳನ್ನು ಭವಿಷ್ಯ ಹೇಳುವ ಟ್ಯಾರೋ ಕಾರ್ಡ್ ತೆಗೆದು, ಧ್ಯಾನಸ್ಥರಾಗಿ, ಆತ್ಮವೊಂದರ ಮಾರ್ಗದರ್ಶನ ಪಡೆದು ಇತ್ಯರ್ಥಪಡಿಸಲಾಗುತ್ತದೆ. ಇದರಲ್ಲಿ ಯಾವ ಅವ್ಯವಹಾರವೂ ಇಲ್ಲ. ಸಾಹೇಬರಾದ ವಿಶ್ವರಾಧ್ಯ ಅವರು ಮೊಬೈಲಿನಲ್ಲಿ ತರಬೇತಿ ಪಡೆದು, ಪ್ರಮಾಣಪತ್ರವನ್ನು ಗೋಡೆಗೆ ಹಾಕಿಸಿದ್ದಾರೆ. ಪೊಲೀಸರು ಒಮ್ಮೆ ಬಂದು ಹೋದ ಮೇಲೆ ಅದರ ಪಕ್ಕದಲ್ಲಿ ಸೂಚನೆಯನ್ನೂ ಅಂಟಿಸಲಾಗಿದೆ: "ಇದು ಇಸ್ಪೀಟ್ ಅಲ್ಲ. ಕಚೇರಿ ಕೆಲಸ."

ಆತ್ಮ ಯಾರದ್ದು ಎಂದು ಕೇಳುವವರಿದ್ದಾರೆ. ನಮ್ಮದೇ ಕಚೇರಿಯ ದಿವಂಗತ ಅಧೀಕ್ಷಕ ನೀಲಕಂಠ ಅವರದ್ದು. ಹೊರಗಿನ ಆತ್ಮಗಳಿಗೆ ಇಲಾಖೆಯ ನಿಯಮ ಗೊತ್ತಿರುವುದಿಲ್ಲ. ನೀಲಕಂಠ ಅವರು ಬದುಕಿದ್ದಾಗ ಒಂದು ಫೈಲಿಗೂ ಹೂಂ ಅಂದವರಲ್ಲ. ತೀರಿಕೊಂಡ ಮೇಲೂ ಆ ಶಿಸ್ತು ಬಿಟ್ಟಿಲ್ಲ. ಅವರ ಕುರ್ಚಿಯನ್ನು ಅವರಿಗೆಂದೇ ಖಾಲಿ ಇಟ್ಟಿದ್ದೇವೆ. ದ್ವಿತೀಯ ದರ್ಜೆ ಸಹಾಯಕಿಯಾದ ನನಗೆ ಅವರ ಮೇಲೆ ಇವತ್ತಿಗೂ ಗೌರವವಿದೆ, ಸಿಟ್ಟೂ ಇದೆ.

ಹೀಗಿರಲು ಮುದನಾಳದ ಶೇಖಮ್ಮ ಅರ್ಜಿ ಹಿಡಿದು ಹಾಜರಾದರು. ಅವರ ಓಣಿಯ ನಲ್ಲಿ ಮುರಿದು ಒಂದು ಬೇಸಿಗೆ ಕಳೆದು ಇನ್ನೊಂದು ಬಂದಿತ್ತು. ದಿನಾ ಹೊಲದ ಬಾವಿಯಿಂದ ನೀರು ಹೊತ್ತು ಅವರ ಸೊಂಟ ಬಿದ್ದುಹೋಗಿತ್ತು.

ಸಾಹೇಬರು ಕಾರ್ಡ್ ತೆಗೆದರು. ಅದರಲ್ಲಿ ಕೆರೆ ದಂಡೆಗೆ ಕೂತ ಹೆಣ್ಣುಮಗಳೊಬ್ಬಳು ಎರಡು ಕೊಡಗಳಿಂದ ನೀರು ಸುರಿಯುತ್ತಿದ್ದಳು. ನೀರು ಬಿಡುವ ಮೈನುದ್ದೀನ ನಲ್ಲಿ ಬಿಗಿಯುವ ಪಾನಾ ಹಿಡಿದು ಎದ್ದೇಬಿಟ್ಟ. ಆದರೆ ಧ್ಯಾನವಿಲ್ಲದೆ ಕಾರ್ಡ್ ಓದುವಂತಿಲ್ಲ. ಸಾಹೇಬರು ಕಣ್ಣು ಮುಚ್ಚಿ, ಗೊರಕೆಯ ಅಂಚಿನವರೆಗೂ ಹೋಗಿ ಬಂದರು.

"ನೀಲಕಂಠಪ್ಪನವ್ರು ಹೇಳ್ತಾರ, ಅರ್ಜಿದಾರಳ ಹತ್ರ ಆಗಲೇ ಎರಡು ಕೊಡ ನೀರು ಐತಿ. ಅದನ್ನ ನೆಲಕ್ಕ ಚೆಲ್ಲಾಕತ್ಯಾಳ. ಯಾಕ ಹಾಳ ಮಾಡಿದಿ ಅಂತ ಬರೆದು ಕೊಡಬೇಕಂತ."

ಶೇಖಮ್ಮ ಕಾರ್ಡ್ ನೋಡಿದರು. "ಅಕಿ ನಾನಲ್ರಿ ಸಾಹೇಬ್ರ. ಅಕಿ ಮೈಮ್ಯಾಲ ಸೀರಿ-ಅರಿವಿ ಏನೂ ಇಲ್ಲ. ನಾ ಎಂದಾದ್ರೂ ಹಂಗ ಬಂದೀನೇನ್ರಿ?"

ಸಾಹೇಬರು ಈ ಅಂಶವನ್ನು ಕಡತದಲ್ಲಿ ದಾಖಲಿಸಿ, ಸ್ಟಾಂಪ್ ಪ್ಯಾಡಿನ ಶಾಯಿಯಿಂದ ಕಾರ್ಡಿನ ಹೆಣ್ಣುಮಗಳಿಗೆ ಸೀರೆ ಬಳಿಸಿದರು. ನಿರ್ಧಾರ ಮಾತ್ರ ಬದಲಾಗಲಿಲ್ಲ.

ಶೇಖಮ್ಮ ನನ್ನ ಮೇಜಿನ ಹತ್ತಿರ ಬಂದರು. "ಭುವನೇಶ್ವರಿ ಅಕ್ಕೋರ, ಆ ಸತ್ತವ್ರು ಈ ಖುರ್ಚಿಮ್ಯಾಲ ಎಷ್ಟ ವರ್ಷದಿಂದ ಅದಾರ್ರಿ?"

"ಐದು ದಾಟ್ಯಾವ."

"ಒಬ್ಬರನ್ನ ಒಂದ ಜಾಗಾದಾಗ ಅಷ್ಟ ದಿನ ಇಡ್ತಾರೇನ್ರಿ? ವರ್ಗಾ ಮಾಡ್ರಲ್ಲ."

ಇದು ನಮಗೆ ಯಾಕೆ ಹೊಳೆಯಲಿಲ್ಲವೋ, ನಮ್ಮ ತಲೆಗೆ ಏನಾಗಿತ್ತೋ. ಅಂದೇ ಆದೇಶ ಹೊರಟಿತು: ಸದರಿ ಆತ್ಮವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಸುರಪುರ ಉಪಕಚೇರಿಗೆ ವರ್ಗಾಯಿಸಲಾಗಿದೆ. ಖಾಲಿ ಕುರ್ಚಿಗೆ ಹಾರ ಹಾಕಿ, ಮಿರ್ಚಿ ಭಜಿ, ಚಹಾ ಇಟ್ಟು ಬೀಳ್ಕೊಟ್ಟೆವು. ಅವರ ಪಾಲಿನ ಭಜಿಯನ್ನು ಮೈನುದ್ದೀನ ತಿಂದ. ಸುರಪುರದಿಂದ ಮರುದಿನವೇ ವರದಿ ಬಂತು: ಆತ್ಮವು ಕರ್ತವ್ಯಕ್ಕೆ ಹಾಜರಾಗಿ, ಅಂದೇ ವೈದ್ಯಕೀಯ ರಜೆಯ ಮೇಲೆ ತೆರಳಿದೆ.

ಈಗ ಪ್ರಭಾರ ಯಾರಿಗೆ ವಹಿಸುವುದೆಂಬ ಪ್ರಶ್ನೆ ಎದ್ದಿತು.

"ನಮ್ಮತ್ತಿ ಅದಾಳಲ್ರಿ, ಭೀಮವ್ವ," ಅಂದರು ಶೇಖಮ್ಮ. "ಸತ್ತು ಭಾಳ ವರ್ಷಾತು. ಓಣಿ ನೀರಿನ ಹಕೀಕತ್ತು ಅಕಿಗೆ ಪೂರಾ ಗೊತ್ತೈತಿ."

ಸೇವಾ ಜ್ಯೇಷ್ಠತೆಯನ್ನು ಮರಣದ ದಿನಾಂಕದಿಂದ ಲೆಕ್ಕ ಹಾಕಲಾಗಿ, ಭೀಮವ್ವ ನೀಲಕಂಠ ಅವರಿಗಿಂತ ಹಿರಿಯರೆಂದು ಕಂಡುಬಂತು. ಸಾಹೇಬರು ಕಣ್ಣು ಮುಚ್ಚಿದರು. ಮುಚ್ಚಿದ್ದೇ ತಡ, ಬೈಸಿಕೊಂಡವರಂತೆ ತೆರೆದರು.

"ಏಳಪ್ಪ ಮೈನುದ್ದೀನ, ನಲ್ಲಿ ಹಚ್ಚಿ ಬಾ ಅನ್ನಾಕತ್ಯಾಳ. ಭಾಳ ಬಿರುಸು ಹೆಣ್ಮಗಳು."

ಸಂಜೆಗೆ ಮುದನಾಳದಲ್ಲಿ ನೀರು ಬಂತು. ಶೇಖಮ್ಮನ ಮುಖ ನೆನೆಸಿಕೊಂಡು ನನಗೂ ಸಂತೋಷವಾಯಿತು.

ಮುಂದಿನ ವಾರ ಸಾಹೇಬರು ಅವರನ್ನು ಕರೆಸಿದರು. ಪ್ರಭಾರ ಆತ್ಮವು ಹೊಸ ಷರತ್ತುಗಳನ್ನು ವಿಧಿಸಿತ್ತು. ಫಲಾನುಭವಿ ಸೊಸೆಯು ಅಂಗಳದ ಕಸ ಹೊಡೆಯದೆ ನಲ್ಲಿ ತಿರುಗಿಸುವಂತಿಲ್ಲ. ಕೊಡವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿರತಕ್ಕದ್ದು. ನಲ್ಲಿಯ ಹತ್ತಿರ ನೆರೆಯವರೊಂದಿಗೆ ಮಾತಾಡುತ್ತ ನಿಲ್ಲಕೂಡದು. ಉಲ್ಲಂಘಿಸಿದಲ್ಲಿ ನೀರು ಬಂದ್.

ಶೇಖಮ್ಮ ಷರತ್ತುಗಳನ್ನು ಒಂದೊಂದಾಗಿ ಬೆರಳು ಮಡಚಿ ಎಣಿಸಿದರು.

"ಸುಳ್ಳಲ್ರಿ, ಇದು ಅಕಿನೇ," ಅಂದರು ಕಡೆಗೆ. "ಅಕಿ ಹೋದ ಮ್ಯಾಲ ಜರಾ ಆರಾಮಿದ್ದೆ ನೋಡ್ರಿ."

ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಖಾಲಿ ಕುರ್ಚಿಗೆ ಬಗ್ಗಿ ನಮಸ್ಕಾರ ಮಾಡಿ, ಮುದನಾಳದ ಬಸ್ಸಿಗೆ ಓಡಿದರು. ನೀರು ಬಿಡುವ ಹೊತ್ತಾಗಿತ್ತು, ಅಂಗಳದ ಕಸ ಹಾಗೇ ಇತ್ತು.