ತನ್ನ ಡಬ್ಬಿ ತಾನುಣ್ಣದ ಮಾಮಾ

ನಮ್ಮ ಸೋದರಮಾವ ಏನು ಬೇಕಾದರೂ ತಿಂದಾನು, ಆದರೆ ತನ್ನ ಊಟದ ಡಬ್ಬಿಯನ್ನು ಮಾತ್ರ ಮುಟ್ಟುವುದಿಲ್ಲ! ಹೆಂಡತಿಯ ಕೈಯಡುಗೆ ಸರಿಯಿಲ್ಲವೆಂದು ತಿಳಿದೀರಿ, ಜೋಕೆ. ನಮ್ಮತ್ತೆ ಮಾಡುವ ಪುಂಡಿಪಲ್ಯಕ್ಕಾಗಿ ಗಬ್ಬೂರಿನ ನಮ್ಮ ಬಳಗದಲ್ಲಿ ಜಗಳಗಳೇ ಆಗಿವೆ. ತಪ್ಪೆಲ್ಲ ದೇವದುರ್ಗದ್ದು.

ಮಾಮಾ ಮೊದಲು ದೇವದುರ್ಗದ ಒಂದು ಸಣ್ಣ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಮಾಸ್ತರರಿಗೆಲ್ಲ ಸೇರಿ ಒಂದೇ ಕೋಣೆ, ಒಂದೇ ಉದ್ದನೆಯ ಮೇಜು. ಮಧ್ಯಾಹ್ನ ಎಲ್ಲರ ಡಬ್ಬಿಗಳೂ ಅದರ ಮೇಲೆ ಬರಬೇಕು, ಯಾರೂ ತನ್ನ ಡಬ್ಬಿಯನ್ನು ತಾನು ಉಣ್ಣಬಾರದು. ಅದು ಅಲ್ಲಿಯ ಕಟ್ಟಳೆ. "ಪಲ್ಯಕ್ಕ ಉಪ್ಪು ಜಾಸ್ತಿ ಬಿದ್ದದಲ್ರಿ, ಮನ್ಯಾಗ ಏನರ ಜಗಳ ನಡದದ ಏನು?" ಎಂದು ಒಬ್ಬರು ಕೇಳಿದರೆ ಡಬ್ಬಿಯ ಒಡೆಯ ಸಂಸಾರದ ಕಥೆಯನ್ನೆಲ್ಲ ಬಿಚ್ಚಬೇಕು. ಊಟ ಮುಗಿಯುವುದರೊಳಗೆ ಅರ್ಧ ಜಗಳ ಅಲ್ಲೇ ಬಗೆಹರಿಯುತ್ತಿತ್ತಂತೆ.

ಇಂಥವನಿಗೆ ರಾಯಚೂರಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ನಾವೆಲ್ಲ ಪೇಡೆ ಹಂಚಿದೆವು. ಅವನಿಗೊಂದು ಸ್ವಂತ ಕೋಣೆ, ಸ್ವಂತ ಫ್ಯಾನು, ಬಾಗಿಲ ಮೇಲೆ ಹೆಸರಿನ ಫಲಕ! ಮೊದಲ ತಿಂಗಳು ಅವನ ಹೊಗಳಿಕೆ ಕೇಳಬೇಕಿತ್ತು. "ಲೈಬ್ರರಿ ಅಂದ್ರ ಏನಂತೀ! ಒಳಗ ಹೊಕ್ಕರ ಹೊರಗ ಬರಾಕ ದಾರಿ ಕೇಳಬೇಕು."

ಎರಡನೆಯ ತಿಂಗಳು ಹೊಗಳಿಕೆಗೆ ಬಾಲ ಬಂತು. "ಪುಸ್ತಕಕ್ಕೇನೂ ಕಮ್ಮಿ ಇಲ್ಲ. ಓದಿದ್ದು ಹೇಳಬೇಕಂದ್ರ ಒಬ್ಬ ಮನಷ್ಯಾನೂ ಸಿಗವಲ್ಲ."

ಏಕೆಂದರೆ ಅಲ್ಲಿ ಎಲ್ಲರಿಗೂ ಸ್ವಂತ ಕೋಣೆ. ಮಧ್ಯಾಹ್ನವಾದರೆ ಬಾಗಿಲುಗಳೆಲ್ಲ ಮುಚ್ಚುತ್ತವೆ, ಒಳಗೆ ಒಬ್ಬೊಬ್ಬರೇ ಉಣ್ಣುತ್ತಾರೆ. ನಮ್ಮ ಮಾಮಾ ಸುಮ್ಮನಿರುವ ಪೈಕಿಯೇ? ಡಬ್ಬಿ ಹಿಡಿದು ಹಿರಿಯ ಪ್ರೊಫೆಸರರೊಬ್ಬರ ಬಾಗಿಲು ತಟ್ಟಿದ. ಅವರು ತಲೆ ಎತ್ತದೆಯೇ, "ಅರ್ಜಿ ಇದ್ರ ಆಫೀಸಿನ್ಯಾಗ ಕೊಟ್ಟು ಹೋಗ್ರಿ," ಎಂದರು.

"ಅರ್ಜಿ ಅಲ್ರಿ ಸರ್, ಪುಂಡಿಪಲ್ಯ!"

ಪ್ರೊಫೆಸರರು ಕನ್ನಡಕ ತೆಗೆದು ಡಬ್ಬಿಯನ್ನೂ ಅವನನ್ನೂ ನೋಡಿ, "ನಿಮಗೇನು ಕೆಲಸ ಆಗಬೇಕಿತ್ತು?" ಎಂದರಂತೆ. ಪಾಪ, ಅವರದಾದರೂ ಏನು ತಪ್ಪು? ಅಷ್ಟು ದೊಡ್ಡ ಜಾಗದಲ್ಲಿ ಸುಮ್ಮನೆ ಯಾರು ಬಾಗಿಲು ತಟ್ಟುತ್ತಾರೆ ಹೇಳಿ!

ಅಂದಿನಿಂದ ಡಬ್ಬಿ ಹೋದ ಹಾಗೆಯೇ ಮನೆಗೆ ಮರಳತೊಡಗಿತು. ಅತ್ತೆಗೆ ಮೈಯೆಲ್ಲ ಉರಿ. "ಯಾರ ಮನಿ ರೊಟ್ಟಿ ರುಚಿ ಹತ್ತೇದ ನಿಮಗ, ಹೇಳ್ರಿ!" ಎಂದು ಗದರಿದರೆ ಮಾಮಾ ತಣ್ಣಗೆ, "ಯಾರದೂ ಸಿಗವಲ್ದು, ಅದೇ ನೋಡು ಚಿಂತಿ," ಎಂದ. ಆ ರಾತ್ರಿ ಅವನಿಗೆ ಮನೆಯಲ್ಲೂ ಊಟ ಸಿಗಲಿಲ್ಲ!

ಮೊನ್ನೆ ಮಗಳಿಗೆ ಹಾಸ್ಟೆಲ್ ವಿಚಾರಿಸಲು ನಾನು ಮಾನ್ವಿಯಿಂದ ಆ ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಮಾಮಾನ ಕೋಣೆ ಹುಡುಕಿಕೊಂಡು ಹೋದಾಗ ಊಟದ ಹೊತ್ತು. ಸಾಲು ಬಾಗಿಲುಗಳೆಲ್ಲ ಮುಚ್ಚಿದ್ದವು, ಒಂದು ಮಾತ್ರ ಹಾರು ಹೊಡೆದಿತ್ತು. ಮಾಮಾ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿದ್ದ, ಐದಾರು ಮಂದಿ ಕೂತು ಉಣ್ಣುವಷ್ಟು ಅಗಲಕ್ಕೆ. ನಡುವೆ ಅವನದೊಂದೇ ಡಬ್ಬಿ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ನನ್ನನ್ನು ನೋಡಿದವನೇ ಎದ್ದು ಡಬ್ಬಿಯನ್ನು ನನ್ನತ್ತ ಸರಿಸಿದ. ಆಮೇಲೆ ಅವನ ಕಣ್ಣು ನನ್ನ ಚೀಲದ ಮೇಲೆ ಬಿತ್ತು.

"ನಿನ್ನ ಡಬ್ಬಿ?"

ನನ್ನಲ್ಲಿ ಡಬ್ಬಿ ಎಲ್ಲಿಯದು! ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ ಒಗ್ಗರಣಿ, ಎರಡು ಮಿರ್ಚಿ ಭಜಿ ಇದ್ದವು. ಆರಿ ತಣ್ಣಗಾದ, ಎಣ್ಣೆ ಹೀರಿದ ಆ ಪೊಟ್ಟಣವನ್ನು ನಾಚಿಕೆಯಿಂದಲೇ ಬಿಚ್ಚಿಟ್ಟೆ. ಮಾಮಾ ಒಂದು ಕಾಳು ಬಿಡದೆ ಉಂಡ. ನಾನು ಅತ್ತೆಯ ಪುಂಡಿಪಲ್ಯ ಉಣ್ಣುತ್ತ ಮಗಳ ಸುದ್ದಿ, ಮನೆಯ ಸುದ್ದಿ, ಮಲ್ಲಟದ ಬೀಗರ ಸುದ್ದಿಯನ್ನೆಲ್ಲ ಹೇಳಿದೆ. ಅವನು ಓದಿದ ಪುಸ್ತಕಗಳ ಕಥೆ ಹೇಳಿದ. ಅರ್ಧಕ್ಕರ್ಧ ತಿಳಿಯದಿದ್ದರೂ ಹೂಂಗುಟ್ಟಿದೆ.

"ಮಿರ್ಚಿ ಭಾಳ ಖಾರ ಅದ ಬಿಡು," ಎಂದು ಕಣ್ಣೊರೆಸಿಕೊಂಡ. ಬಸ್ ಸ್ಟ್ಯಾಂಡಿನ ಮಿರ್ಚಿಗೆ ಹಾಕುವ ಮೆಣಸಿನಕಾಯಿ ಅಷ್ಟೇನೂ ಖಾರವಿರುವುದಿಲ್ಲ.

ಗೇಟಿನವರೆಗೂ ಬಂದು ಆಟೊ ಹತ್ತಿಸಿದ. ಆಟೊ ಹೊರಡುವಾಗ ಕಂಬಿ ಹಿಡಿದು ಕೇಳಿದ, "ನಾಳಿ ಏನರ ಕೆಲಸ ಅದ ಏನು ನಿಂದು, ಈ ಕಡಿ?"

ನನ್ನ ಕೆಲಸವೆಲ್ಲ ಅಂದೇ ಮುಗಿದಿತ್ತು.

"ಅದ ಮಾಮಾ," ಎಂದೆ. "ಡಬ್ಬಿ ತಗೊಂಡೇ ಬರ್ತೀನಿ."