ಕೀಲು ಹಾಕಿಸ್ಕೊಂಡ ನಮ್ಮಕ್ಕನ ಕುಂದರೂ ಚಿಂತಿ

ತಿಕೋಟಾದ ನಮ್ಮ ಓಣ್ಯಾಗ ಮುದುಕೇರು ಜಾರಿ ಬೀಳೂದು ನಿಂತಿಲ್ಲ, ನಾ ಅದನ್ನ ನಾಕ ಮಂದಿಗೆ ಹೇಳೂದೂ ನಿಂತಿಲ್ಲ. ಉಳದವರದು ಬಿಡ್ರಿ. ನನ್ನ ಹಿರೇ ನೆಗೆಣ್ಣಿ, ಅಂದ್ರ ನನ್ನ ಗಂಡನ ಅಣ್ಣನ ಹೇಣ್ತಿ, ನಾ ಅಕ್ಕ ಅಂತಿದ್ದೆ, ಆಕಿದು ಕೇಳ್ರಿ. ಸತ್ತವರ ಬಗ್ಗೆ ಹಂಗೆಲ್ಲಾ ಆಡಬಾರದು ಅಂತಾರ. ಆಕಿ ಇದ್ದಾಗೂ ಆಕಿ ಮುಂದನ ಆಡೇನಿ, ನನಗ ದೋಷಿಲ್ಲ.

೧. ಡಾಕ್ಟರಗ ಬರದ ಉತ್ತರ

ಒಣದ್ರಾಕ್ಷಿ ಶೆಡ್ಡಿನಾಗ ದ್ರಾಕ್ಷಿ ಅದ್ದೂ ಎಣ್ಣಿನೀರು ಚೆಲ್ಲಿತ್ತು. ನಮ್ಮಕ್ಕ ಆಳಮಕ್ಕಳಿಗೆ ಬೈಕೋತ ಹೋದ್ಲು, ಜಾರಿದ್ಲು, ಸೊಂಟದ ಕೆಳಗ ಚಪ್ಪಿ ಎಲುಬ ಮುರೀತು. ನೆಲಕ್ಕ ಬಿದ್ದ ಮ್ಯಾಲೂ ಬೈಗಳ ನಿಲ್ಲಲಿಲ್ಲ. ವಿಜಾಪುರದಾಗ ಟೈಟೇನಿಯಂ ಕೀಲು ಹಾಕಿದ್ರು. ಮನಿಗೆ ಕಳಸೂ ದಿನ ಡಾಕ್ಟರ ಅಂದ, "ಅಮ್ಮಾರ, ಇನ್ನ ಜೀವ ಇರೂತನಕ ನೆಲದ ಮ್ಯಾಲ ಕಾಲ ಮಡಚಿ ಕುಂದರಬಾರದು. ಕೀಲ ತಪ್ಪತೈತಿ."

"ಜೀವ ಹೋದ ಮ್ಯಾಲರಿ?"

ಡಾಕ್ಟರ ನಕ್ಕ. ಅಕ್ಕ ನಗಲಿಲ್ಲ. "ನಮ್ಮಲ್ಲಿ ಸತ್ತವರನ್ನ ಮಲಗಸಂಗಿಲ್ಲರಿ. ಕಾಲ ಮಡಚಿ ಕುಂದರಿಸಿ ಮಣ್ಣ ಮಾಡ್ತಾರ. ನನ್ನ ಹೆಂಗ ಕುಂದರಸ್ತಾರ, ಹೇಳ್ರಿ."

ಅಷ್ಟ ಓದಿದಾಂವ, ಗಂಟಿ ಬಾರಿಸಿ ಮುಂದಿನ ಪೇಶಂಟನ್ನ ಕರದ.

೨. ಕೆನಿ

ಮನಿಗೆ ಬಂದ ವಾರಕ್ಕ ನಾನ ಒಂದ ಮಾತ ಬಿಟ್ಟೆ. "ಯಕ್ಕಾ, ಮೈಯಾಗ ರಕ್ತೈತಿ, ನೀರೈತಿ, ಉಪ್ಪೈತಿ. ಆ ಕೀಲು ತುಕ್ಕ ಹಿಡೀದ ಬಿಡ್ತೈತೇನ?" ಅಷ್ಟಕ್ಕ ಆಕಿ ಹನ್ನೊಂದ ದಿನ ಮೈ ತೊಳಕೊಳ್ಳಲಿಲ್ಲ. ಕಡಿಗೆ ಸೊಸಿ ಮೂಗ ಮುಚಗೊಂಡು ಮತ್ತ ವಿಜಾಪುರಕ್ಕ ಒಯ್ದಳು.

ಡಾಕ್ಟರ ತಿಳಿಸಿ ಹೇಳಿದ. "ಇದು ಕಬ್ಬಿಣಲ್ಲ ಅಮ್ಮಾರ. ಹಾಲಿನ ಮ್ಯಾಲ ಕೆನಿ ಕಟ್ಟಿದಂಗ ಇದರ ಮ್ಯಾಲ ಕಣ್ಣಿಗೆ ಕಾಣದ ಪದರೈತಿ. ಅದ ಕಾಯತೈತಿ. ಗೀರಿದ್ರ ತಾನ ಮತ್ತ ಕಟ್ಟತೈತಿ. ಆದ್ರ ದಿನಾ ತಿಕ್ಕಿದ್ರ ಕೆನಿ ಉಳಿಯಂಗಿಲ್ಲ."

ಅಕ್ಕ ಊರ ತುಂಬ ಅದನ್ನ ಹೇಳಿಕೋತ ತಿರಗಿದ್ಲು. ಸೊಸಿ ಅಡಗಿಮನ್ಯಾಗಿಂದ ಅಂದ್ಲು, "ಅತ್ತಿಯವರ ಚಪ್ಪಿ ಕೆನಿ ಕಟ್ಟೇತಿ. ನಮ್ಮ ಚಾಕ್ಕ ಬರೇ ನೀರ."

೩. ಕರೇ ನೀರು

ಮೂರ ವರ್ಷಕ್ಕ ಆ ಕಾಲು ಬಾತು, ನಡದ್ರ ಕಿರ್ ಅನ್ನಾಕತ್ತು. ಡಾಕ್ಟರ ಸೂಜಿ ಹಾಕಿ ಎಳದ್ರ ಮಸಿಯಂಥಾ ಕರೇ ನೀರ ಬಂತು. ಅಂವನ ಮಾರಿನೂ ಕಪ್ಪಾತು. "ಕೀಲಿನ ಕುತ್ತಿಗಿ ಅದು ತಿರಗೂ ಬಟ್ಟಲದ ಅಂಚಿಗೆ ಬಡದು ಬಡದು ಸವದೈತಿ. ಆ ಪುಡಿ ಮೈಗೆ ಒಗ್ಗಿಲ್ಲ, ಸುತ್ತಲಿನ ಎಲುಬ ತಿಂದೈತಿ. ಮನ್ಯಾಗ ಏನ ಮಾಡತಿದ್ರಿ?"

ಮಗ ಸೊಸಿ ಮಾರಿ ನೋಡಿದ, ಸೊಸಿ ನೆಲ ನೋಡಿದ್ಲು. ನನಗ ಗೊತ್ತಿತ್ತು. ಕಿಡಕಿ ಸಂದ್ಯಾಗ ನೋಡಿದ್ದೆ, ಸುಳ್ಳ್ಯಾಕ ಹೇಳ್ಲಿ. ದಿನಾ ಊಟಾದ ಮ್ಯಾಲ ಕದ ಹಾಕಿ, ಹಣಿಗೆ ಇಬತ್ತಿ ಬಳಕೊಂಡು, ಎರಡೂ ಕೈಲೆ ಆ ಕಾಲ ಜಗ್ಗಿ ಮಡಚಿ, ಕಣ್ಣ ಮುಚ್ಚಿ ಕುಂದರತಿದ್ಲು. "ಏನ ಬೇ ಇದು?" ಅಂದ್ರ, "ರೂಢಿ ಮಾಡಾಕತ್ತೇನಿ. ಆ ಹೊತ್ತಿನಾಗ ಮಂದಿ ನನ್ನ ಕಾಲ ತುಳದು ಮಡಚಬಾರದು" ಅಂದಿದ್ಲು.

ಎಲ್ಲಾ ಹೇಳಿಬಿಟ್ಟೆ. ಡಾಕ್ಟರ ತಲಿ ಹಿಡಕೊಂಡ. "ದೊಡ್ಡ ಕೀಲು ಹಾಕಬಹುದು, ಆದ್ರ ಕಾಲ ಮಡಚೂದು ಬಂದ್. ಇಲ್ಲಾ ಇದನ್ನ ತಗದ ಒಗದ್ರ ಕಾಲ ಜೋತು ಬೀಳತೈತಿ, ಹೆಂಗ ಬೇಕಾದ್ರೂ ಮಡಚತೈತಿ, ಆದ್ರ ಆಸರಿಲ್ಲದ ನಡ್ಯಾಕಾಗಂಗಿಲ್ಲ."

"ತಗದ ಒಗೀರಿ" ಅಂದ್ಲು ಅಕ್ಕ.

ಮಗ ಅತ್ತ. "ಯವ್ವಾ, ನಡೀದ ಹೆಂಗ?"

"ನಡದ ಎಲ್ಲಿ ಹೋಗೂದೈತೋ? ನಾ ಹೋಗೂ ಕಡೆ ನೀವ ಹೊತಗೊಂಡ ಒಯ್ತೀರಿ."

೪. ಇನ್ನೊಂದ ಕಾಲು

ಎರಡ ವರ್ಷ ಕೈಯಾಗ ವಾಕರ್ ಹಿಡದು, ಒಂದ ಕಾಲ ಊರಿ, ಇನ್ನೊಂದ ಎಳಕೋತ ಅಂಗಳ ದಾಟತಿದ್ಲು. ಒಂದ ಮುಂಜಾನೆ ಚಾ ಕುಡದ ಬಟ್ಟಲ ಇಟ್ಲು, ಹೋದ್ಲು. ಮೈ ಸೆಟಿಯೂದ್ರಾಗ ಕುಂದರಸಬೇಕಲ್ಲಾ, ಬಬಲೇಶ್ವರದಿಂದ ಮಣ್ಣಿನ ವಿಧಿ ಮಾಡೂ ನಮ್ಮ ಮನಿ ಅಯ್ಯನವರು ಜೀಪಿನಾಗ ದೌಡ ಬಂದ್ರು.

ಎಲ್ಲಾರ ಕಣ್ಣೂ ಕೊಯ್ದ ಕಾಲಿನ ಮ್ಯಾಲ. ಅಯ್ಯನವರು ಹಗೂರಕ ಹಿಡದು ಮಡಚಿದ್ರು. ನಾದಿದ ಹಿಟ್ಟಿನಂಗ ಮಡಚಿತ್ರಿ! ಮಗ ಗೋಡಿಗೆ ತಲಿ ಹಚ್ಚಿ, "ಯವ್ವಾ, ನಿನ್ನ ಆಸೆ ಆತು" ಅಂತ ಅತ್ತ. ನಾನೂ ಅತ್ತೆ. ಬೈಯಾಕ ಇನ್ನ ಯಾರದಾರ ನನಗ?

ಆಮ್ಯಾಲ ಇನ್ನೊಂದ ಕಾಲ ಹಿಡದ್ರು. ಎರಡ ವರ್ಷ ಮೈಯ ಭಾರೆಲ್ಲಾ ಹೊತ್ತು ಅದರ ಮೊಣಕಾಲ ಮರದ ತೊಲಿಯಾಗಿತ್ತು. ಅಯ್ಯನವರು ಒತ್ತಿದ್ರು, ಮಗ ಒತ್ತಿದ, ಇಬ್ಬರು ಮೈದನದೇರ ಒತ್ತಿದ್ರು. ಜಪ್ಪಯ್ಯ ಅಂದ್ರೂ ಮಡಚಲಿಲ್ಲ.

ಅಯ್ಯನವರು ಬೆವರ ಒರಸಕೊಂಡು ಸಿಟ್ಟಿಲೆ ಕೇಳಿದ್ರು, "ಇದರಾಗ ಯಾವ ಕಂಪನೀದ ಹಾಕ್ಸೀರೋ?"

"ಏನೂ ಹಾಕಿಲ್ರಿ ಅಜ್ಜಾರ," ಅಂದ ಮಗ ಅಳಕೋತ, "ಇದು ದೇವರ ಕೊಟ್ಟದ್ದ ಐತಿ."

ಅಯ್ಯನವರು ಕಾಲ ಬಿಟ್ಟು ಎದ್ದು ನಿಂತ್ರು. "ಹಂಗಾರ ಇದಕ್ಕ ಗ್ಯಾರಂಟಿ ಇಲ್ಲ. ಕುಣಿ ಇನ್ನೂ ಒಂದ ಮೊಳ ಉದ್ದ ಕಡೀರಿ."